ಕೇಳಿದ್ದನ್ನೆಲ್ಲ ಸೇರಿಸದ ರೇಡಿಯೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಹ್ಯಾಮ್ ರೇಡಿಯೋ (ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೋ) ಜೋಡಿಸಿಕೊಳ್ಳುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಪುಣೆ, ಡೊಂಬಿವಲಿ, ವಾಸ್ಕೋ ಮತ್ತು ಮಾಟುಂಗಾದಿಂದ ನಾಲ್ಕು ಪತ್ರಗಳು ಬಂದಿವೆ. ನಾಲ್ಕೂ ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತವೆ. ಸರ್ಕ್ಯೂಟನ್ನೂ ಅದರ ಚಿಪ್‌ನೊಳಗಿನ ಪ್ರೋಗ್ರಾಂ ಆದ ಫರ್ಮ್‌ವೇರನ್ನೂ ಎಲ್ಲರಿಗೂ ತೆರೆದಿಟ್ಟ ಯೋಜನೆಯಲ್ಲಿ ಹೊಸದೇನನ್ನು ಸೇರಿಸಬೇಕು, ಏನನ್ನು ಬಿಡಬೇಕು, ಅದನ್ನು ತೀರ್ಮಾನಿಸುವವರು ಯಾರು? ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಬೆಳಗಾವಿ ಕಡೆಯ ನಾಲ್ವರು ವಿದ್ಯಾರ್ಥಿಗಳು. ಪರವಾನಗಿ ಪಡೆದ ಮೇಲೆ, ಮೈಕ್ರೋ-ಬಿಟ್‌ಎಕ್ಸ್ ಎಂಬ ರೇಡಿಯೋದ ಜಾಡಿನ ಒಂದು ಮುಕ್ತ ಟ್ರಾನ್ಸ್‌ಸೀವರನ್ನು (ಕೇಳುವ, ಪ್ರಸಾರ ಮಾಡುವ ಎರಡೂ ಕೆಲಸದ ರೇಡಿಯೋವನ್ನು) ನಾವೇ ಬೆಸುಗೆ ಹಾಕಿ ಜೋಡಿಸಿ, 40 ಮೀಟರ್ ಬ್ಯಾಂಡಿನಲ್ಲಿ (ಸುಮಾರು ಅಷ್ಟು ಉದ್ದದ ರೇಡಿಯೋ ಅಲೆಗಳ ಪಟ್ಟಿಯಲ್ಲಿ) ಹಲವು ಊರುಗಳೊಂದಿಗೆ ಮಾತನಾಡಿದೆವು. ಬಳಿಕ ಎಫ್‌ಟಿ8 (ಕಂಪ್ಯೂಟರಿನ ನೆರವಿನಿಂದ ಚುಟುಕು ಸಂದೇಶ ಕಳಿಸುವ ವಿಧಾನ), 2 ಮೀಟರ್ ಬ್ಯಾಂಡ್ ಮತ್ತು ಬ್ಲೂಟೂತ್ ಈ ಮೂರನ್ನೂ ಸೇರಿಸಬೇಕೆಂದು ಅದರ ವಿನ್ಯಾಸಕರಿಗೆ ಬರೆದೆವು. ‘ಇವು ಯೋಜನೆಯ ವ್ಯಾಪ್ತಿಗೆ ಹೊರಗಿವೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಮುಕ್ತ ಯೋಜನೆ ಎಂದು ಕರೆದುಕೊಂಡ ಮೇಲೆ ಹೀಗೆ ಬಾಗಿಲು ಹಾಕುವುದು ಸರಿಯೇ?

ಉತ್ತರ: ತಿಂಗಳುಗಟ್ಟಲೆ ಕಷ್ಟಪಟ್ಟು ಬರೆದವರಿಗೆ ಒಂದು ಸಾಲಿನ ಉತ್ತರ ಬಂದರೆ ನೋವಾಗುವುದು ಸಹಜ. ಆ ಸಾಲಿನ ಜೊತೆಗೆ ಕಾರಣವನ್ನೂ ಬರೆಯಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ. ಆದರೆ ತೀರ್ಮಾನ ಮಾತ್ರ ಸರಿಯಾಗಿದೆ. ಅವರು ಬರೆಯದೆ ಬಿಟ್ಟ ಕಾರಣವನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ನಿಮ್ಮ ಬೋರ್ಡಿನ ಮಿದುಳು ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಆಗಿದ್ದರೆ ಅದರ ಎಟಿಮೆಗಾ328 ಚಿಪ್‌ನಲ್ಲಿ ಪ್ರೋಗ್ರಾಂ ಇಡಲು ಇರುವುದು 32 ಕಿಲೋಬೈಟ್, ಕೆಲಸದ ಸ್ಮೃತಿಗೆ ಇರುವುದು 2 ಕಿಲೋಬೈಟ್ ಮಾತ್ರ. ಎರಡು ಸಾಲಿನ ಸಾಮಾನ್ಯ ಎಲ್‌ಸಿಡಿ ಪರದೆಗೇ ಆರು ಪಿನ್‌ಗಳು ಬೇಕು. ಉಳಿದ ಪಿನ್‌ಗಳನ್ನು ಟ್ಯೂನಿಂಗ್ ಗುಂಡಿ, ಮೋರ್ಸ್ ಕೀ, ಪಿಟಿಟಿ (ಒತ್ತಿ ಮಾತನಾಡುವ ಗುಂಡಿ) ಮತ್ತು ಫಿಲ್ಟರ್ ಬದಲಿಸುವ ರಿಲೇಗಳು ಹಂಚಿಕೊಳ್ಳುತ್ತವೆ. ಆವರ್ತನಗಳನ್ನು ಹುಟ್ಟಿಸುವ ಎಸ್‌ಐ5351 ಚಿಪ್‌ನ ಚಿಕ್ಕ ಮಾದರಿಗೆ ಮೂರು ಹೊರದಾರಿಗಳಿದ್ದು, ಮೈಕ್ರೋ-ಬಿಟ್‌ಎಕ್ಸ್ ಆ ಮೂರನ್ನೂ ಬಳಸಿಕೊಳ್ಳುತ್ತದೆ: ಒಂದು ಕೇಳುವ ಆವರ್ತನವನ್ನು 45 ಮೆಗಾಹರ್ಟ್ಸ್‌ಗೆ ಏರಿಸಲು, ಇನ್ನೊಂದು ಅದನ್ನು 12 ಮೆಗಾಹರ್ಟ್ಸ್‌ನ ಸ್ಫಟಿಕ ಫಿಲ್ಟರಿಗೆ ಇಳಿಸಲು, ಮತ್ತೊಂದು ಅಲ್ಲಿಂದ ಧ್ವನಿಯನ್ನು ಹೊರತೆಗೆಯಲು. ಅಂದರೆ ಅಲ್ಲಿ ಖಾಲಿ ಉಳಿದ ಜಾಗವೇ ಇಲ್ಲ. ಇಂಥ ಬೋರ್ಡಿಗೆ ಹೊಸದೊಂದನ್ನು ಸೇರಿಸಬೇಕಾದರೆ ಹಳೆಯದೊಂದನ್ನು ತೆಗೆಯಬೇಕು, ಇಲ್ಲವೇ ಚಿಪ್ಪನ್ನೇ ಬದಲಿಸಬೇಕು. ಚಿಪ್ ಬದಲಾದರೆ ಬೋರ್ಡೂ ಬದಲಾಗುತ್ತದೆ, ಈಗಾಗಲೇ ಹಳೆಯ ಬೋರ್ಡನ್ನು ಜೋಡಿಸಿಕೊಂಡಿರುವ ಪ್ರತಿಯೊಬ್ಬರೂ ಹೊರಗುಳಿಯುತ್ತಾರೆ.

ಈಗ ನಿಮ್ಮ ಮೂರು ಬೇಡಿಕೆಗಳನ್ನು ನೋಡೋಣ. ಎಫ್‌ಟಿ8 ವಾಸ್ತವದಲ್ಲಿ ನಿಮ್ಮ ಕೈಯಲ್ಲಿ ಆಗಲೇ ಇದೆ. 2017ರಲ್ಲಿ ಬಂದ ಈ ವಿಧಾನದ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ರೇಡಿಯೋ ಕೇವಲ ಧ್ವನಿಯನ್ನು ಒಳಗೆ ತೆಗೆದುಕೊಂಡು ಹೊರಗೆ ಕಳಿಸುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಾವು ಮಾತನಾಡುವಾಗ ಪದಗಳ ನಡುವೆ ಬಿಡುವಿರುವುದರಿಂದ ಔಟ್‌ಪುಟ್ ಟ್ರಾನ್ಸಿಸ್ಟರುಗಳಿಗೆ ತಣಿಯಲು ಸಮಯ ಸಿಗುತ್ತದೆ. ಎಫ್‌ಟಿ8 ಮಾತ್ರ 15 ಸೆಕೆಂಡುಗಳ ಪ್ರತಿ ಸರದಿಯಲ್ಲಿ 12.64 ಸೆಕೆಂಡು ಕಾಲ ಎಡೆಬಿಡದೆ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಐಆರ್‌ಎಫ್510 ಎಂಬ ಅಗ್ಗದ ಟ್ರಾನ್ಸಿಸ್ಟರನ್ನು ಚಿಕ್ಕ ಹೀಟ್‌ಸಿಂಕಿಗೆ ತಿರುಪಿಟ್ಟಿರುವ ರೇಡಿಯೋದಲ್ಲಿ ನೀವು ಶಕ್ತಿಯನ್ನು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಸಿಕೊಳ್ಳದಿದ್ದರೆ ಅದು ಸುಟ್ಟುಹೋಗುತ್ತದೆ. ವಿನ್ಯಾಸಕರು ‘ಎಫ್‌ಟಿ8 ಸೇರಿಸಿದ್ದೇವೆ’ ಎಂದು ಬರೆದರೆ, ಆ ಶಾಖವನ್ನು ತಾಳುವ ಹೊಣೆಯೂ ಅವರ ಹೀಟ್‌ಸಿಂಕಿನ ಮೇಲೆ ಬೀಳುತ್ತದೆ.

2 ಮೀಟರ್ ಬ್ಯಾಂಡಿನ ಕೋರಿಕೆ ಮೂರರಲ್ಲಿ ದೊಡ್ಡದು. ನಮ್ಮ ದೇಶದಲ್ಲಿ ಆ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. 30 ಮೆಗಾಹರ್ಟ್ಸ್‌ವರೆಗೆ ಹೇಗೋ ಎಳೆದುಕೊಂಡು ಹೋಗುವ ಐಆರ್‌ಎಫ್510 ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊಸ ಆಂಪ್ಲಿಫೈಯರ್ ಬೇಕು, ಹೊಸ ಫಿಲ್ಟರ್ ಬೇಕು, ಆಂಟೆನಾಗೆ ಬೇರೆ ದಾರಿ ಬೇಕು. ಇವೆಲ್ಲ ಸಿಕ್ಕರೂ ಅಳತೆಯ ಕೆಲಸ ಬಾಕಿ ಉಳಿಯುತ್ತದೆ. ಪ್ರಸಾರ ಮಾಡುವ ಯಂತ್ರದಿಂದ ಅದರ ಆವರ್ತನದ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಹೊಮ್ಮುವ ಹಾರ್ಮೋನಿಕ್‌ಗಳು ಮೂಲ ಶಕ್ತಿಗಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕು ಎಂಬುದು 30 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡುಗಳಿಗೆ ಅಮೆರಿಕದ ನಿಯಮ. ಅಂದರೆ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. 2018ರಲ್ಲಿ ಹವ್ಯಾಸಿಗಳು ಮೈಕ್ರೋ-ಬಿಟ್‌ಎಕ್ಸನ್ನು ಅಳೆದಾಗ ಕೆಲವು ಬ್ಯಾಂಡುಗಳಲ್ಲಿ ಅದು ಈ ಮಿತಿಯೊಳಗೆ ಬರಲಿಲ್ಲ. ಫಿಲ್ಟರುಗಳ ಸುತ್ತಲಿನ ರಿಲೇಗಳು ಮತ್ತು ಬೋರ್ಡಿನ ತಾಮ್ರದ ಗೆರೆಗಳ ನಡುವೆ ಸಂಕೇತ ಸೋರುತ್ತಿದ್ದುದನ್ನು ಅವರು ಹುಡುಕಿ ತೋರಿಸಿದರು, ಮುಂದಿನ ಆವೃತ್ತಿಯಲ್ಲಿ ಅದನ್ನು ತಿದ್ದಲಾಯಿತು. ವಿನ್ಯಾಸ ಮುಕ್ತವಾಗಿದ್ದುದರಿಂದಲೇ ತಪ್ಪು ಅಷ್ಟು ಬೇಗ ಸಿಕ್ಕಿತು. ಆದರೆ ಒಂದು ಫಿಲ್ಟರ್ ಸಾಲಿನಲ್ಲೇ ಇಷ್ಟು ಸೂಕ್ಷ್ಮವಿರುವಾಗ, ಇನ್ನೊಂದು ಬ್ಯಾಂಡನ್ನು ಅದೇ ಬೋರ್ಡಿನಲ್ಲಿ ತುರುಕಲು ಹಿಂಜರಿಯುವ ವಿನ್ಯಾಸಕನನ್ನು ನಾನು ಗೌರವಿಸುತ್ತೇನೆ. ನಿಮಗೆ ಇನ್ನೊಂದು ದಾರಿ ಇದೆ. ಟ್ರಾನ್ಸ್‌ವರ್ಟರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ 116 ಮೆಗಾಹರ್ಟ್ಸ್‌ನ ಆಂದೋಲಕವನ್ನಿಟ್ಟು, ನಿಮ್ಮ ರೇಡಿಯೋದ 28 ಮೆಗಾಹರ್ಟ್ಸನ್ನು ಅದಕ್ಕೆ ಕೂಡಿಸಿದರೆ 144 ಸಿಗುತ್ತದೆ. ನಾಲ್ವರಿಗೆ ಒಂದು ವರ್ಷದ ಪ್ರಾಜೆಕ್ಟಾಗಿ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ.

ಬ್ಲೂಟೂತ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಧ್ವನಿಯ ಜ್ಯಾಕಿಗೆ ಹೊರಗಿನಿಂದ ಸಿಕ್ಕಿಸುವ ಸಣ್ಣ ಘಟಕವೇ ಸಾಕು. ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಹುಡುಕಿ ನೋಡಿ.

ಬಿಟ್‌ಎಕ್ಸ್‌ನ ಚರಿತ್ರೆಯಿಂದಲೂ ಒಂದು ಮಾತು ಹೇಳಬೇಕು. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಎರಡು ದಶಕಗಳ ಹಿಂದೆ ಮೊದಲ ಬಿಟ್‌ಎಕ್ಸನ್ನು ರೂಪಿಸಿದಾಗ ಅದು 20 ಮೀಟರ್ ಎಂಬ ಒಂದೇ ಬ್ಯಾಂಡಿನ ಯಂತ್ರವಾಗಿತ್ತು. ನಮ್ಮ ಪೇಟೆಯಲ್ಲಿ ಸಿಗುವ ಸಾಮಾನ್ಯ ಟ್ರಾನ್ಸಿಸ್ಟರುಗಳಿಂದ ಅದನ್ನು ಕಟ್ಟಬಹುದಿತ್ತು, ಆಮದು ಟೊರಾಯ್ಡ್ (ತಂತಿ ಸುತ್ತುವ ಬಳೆಯಾಕಾರದ ತಿರುಳು) ಸಿಗದವರು ನಲ್ಲಿಯ ವಾಷರಿನ ಮೇಲೆ ತಂತಿ ಸುತ್ತಿ ಕಾಯಿಲ್ ಮಾಡಿಕೊಳ್ಳಬಹುದಿತ್ತು. ಅಂದು ಯಾರಾದರೂ ಐದು ಬ್ಯಾಂಡ್ ಬೇಕೆಂದು ಹಟ ಹಿಡಿದು, ಅದಕ್ಕೆ ಒಪ್ಪಿಗೆಯೂ ಸಿಕ್ಕಿದ್ದರೆ, ವಾಷರಿನ ಮೇಲೆ ಕಾಯಿಲ್ ಸುತ್ತಿ ರೇಡಿಯೋ ಕಟ್ಟಿದ ಎಷ್ಟೋ ಮಂದಿಗೆ ಆ ಅವಕಾಶವೇ ಸಿಗುತ್ತಿರಲಿಲ್ಲ. ಹಲವು ಬ್ಯಾಂಡುಗಳ ಮೈಕ್ರೋ-ಬಿಟ್‌ಎಕ್ಸ್ ಬಂದದ್ದು 2017ರ ಕೊನೆಯಲ್ಲಿ, ಬೇರೆಯೇ ವಿನ್ಯಾಸವಾಗಿ. ಹರ್ಮಿಸ್-ಲೈಟ್ 2 ಎಂಬ ಇನ್ನೊಂದು ಮುಕ್ತ ಟ್ರಾನ್ಸ್‌ಸೀವರ್ ಕೂಡ ಇದೇ ದಾರಿ ಹಿಡಿದಿದೆ. ಅದರ ಮುಖ್ಯ ಬೋರ್ಡು 5 ವ್ಯಾಟ್‌ಗೆ ನಿಲ್ಲುತ್ತದೆ, ಬ್ಯಾಂಡ್ ಫಿಲ್ಟರುಗಳು ಅದರ ಜೊತೆಗೆ ಜೋಡಿಸುವ ಬೇರೆ ಬೋರ್ಡಿನಲ್ಲಿವೆ, ಆ ಫಿಲ್ಟರ್ ಬೋರ್ಡನ್ನು ರೂಪಿಸಿದವರು ಮತ್ತೊಬ್ಬ ಹವ್ಯಾಸಿ. ಒಬ್ಬರು ಎಲ್ಲಿ ನಿಲ್ಲುತ್ತಾರೆಂದು ಸ್ಪಷ್ಟವಾಗಿದ್ದುದರಿಂದಲೇ ಇನ್ನೊಬ್ಬರಿಗೆ ಎಲ್ಲಿಂದ ತೊಡಗಬೇಕೆಂದು ತಿಳಿಯಿತು.

ಪ್ರಶ್ನೆ: ನಾನು ರೈಲ್ವೆಯ ದೂರಸಂಪರ್ಕ ವಿಭಾಗದಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಅಗ್ಗದ ಆಂಟೆನಾ ಟ್ಯೂನರ್ ಒಂದನ್ನು ವಿನ್ಯಾಸ ಮಾಡಿ ಅದರ ಕಡತಗಳನ್ನು ಮುಕ್ತವಾಗಿ ಹಂಚಿದೆ. ಈಗ ದಿನಕ್ಕೊಂದು ಬೇಡಿಕೆ ಬರುತ್ತಿದೆ: 100 ವ್ಯಾಟ್ ತಾಳಬೇಕು, ತಾನಾಗಿಯೇ ಟ್ಯೂನ್ ಆಗಬೇಕು, ಮೊಬೈಲಿನಲ್ಲಿ ಕಾಣಬೇಕು. ಇಲ್ಲವೆನ್ನಲು ಸಂಕೋಚ, ಆಗಲಿ ಎನ್ನಲು ಶಕ್ತಿಯಿಲ್ಲ. ಏನು ಮಾಡಲಿ?

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಓದುವಾಗ ನಾನೇ ಪಟ್ಟ ಪಾಡು ಕಣ್ಣ ಮುಂದೆ ಬಂತು. ಅದನ್ನು ಹೇಳುವುದೇ ನಿಮಗೆ ಉಪಯೋಗವಾದೀತು.

ಕೆಲವು ವರ್ಷಗಳ ಹಿಂದೆ ಮುಂಬಯಿಯ ನಾವು ಐದು ಮಂದಿ ಗೆಳೆಯರು ಸೇರಿ ಮೋರ್ಸ್ ಸಂಕೇತದ ಚುಕ್ಕೆ-ಗೆರೆಗಳನ್ನು ಹುಟ್ಟಿಸುವ ಕೀಯರ್ ಒಂದನ್ನು ಮಾಡಿದೆವು. ಎಟಿಟೈನಿ85 ಎಂಬ ಎಂಟು ಕಾಲಿನ ಚಿಪ್. ವಿದ್ಯುತ್ತಿಗೆ ಎರಡು, ರೀಸೆಟ್‌ಗೆ ಒಂದು ಕಾಲನ್ನು ಕಳೆದರೆ ಕೆಲಸಕ್ಕೆ ಉಳಿಯುವುದು ಐದು. ಚುಕ್ಕೆಯ ಪ್ಯಾಡಲ್‌ಗೆ ಒಂದು, ಗೆರೆಯ ಪ್ಯಾಡಲ್‌ಗೆ ಒಂದು, ರೇಡಿಯೋಗೆ ಒಂದು, ಕಿವಿಗೆ ಕೇಳುವ ಸದ್ದಿಗೆ ಒಂದು, ವೇಗ ಬದಲಿಸುವ ಗುಂಡಿಗೆ ಒಂದು. ಐದೂ ಮುಗಿದವು, ಕೀಯರೂ ಮುಗಿಯಿತು. ಬಳಸದಿರುವಾಗ ಚಿಪ್ ನಿದ್ರೆಗೆ ಜಾರಿ ಒಂದು ಮೈಕ್ರೋ ಆಂಪಿಯರಿಗಿಂತ ಕಡಿಮೆ ವಿದ್ಯುತ್ತನ್ನು ಎಳೆಯುತ್ತಿದ್ದುದರಿಂದ ಗುಂಡಿಯಾಕಾರದ ಸಿಆರ್2032 ಸೆಲ್ ಒಂದೇ ಸಾಕಾಗುತ್ತಿತ್ತು, ಸ್ವಿಚ್ಚೂ ಬೇಕಿರಲಿಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅರ್ಧ ಗಂಟೆಯಲ್ಲಿ ಎಲ್ಲ ಬಿಡಿಭಾಗಗಳೂ ಸಿಗುತ್ತಿದ್ದವು. ಹೊಸದಾಗಿ ಮೋರ್ಸ್ ಕಲಿಯುವವರು ಒಂದು ಸಂಜೆಯಲ್ಲಿ ಅದನ್ನು ಜೋಡಿಸಿಕೊಳ್ಳುತ್ತಿದ್ದರು.

ಆಮೇಲೆ ಬೇಡಿಕೆಗಳು ಬಂದವು. ಸಂದೇಶವನ್ನು ನೆನಪಿಡುವ ಒತ್ತುಗುಂಡಿ ಬೇಕೆಂದರು. ಪಿನ್ ಇಲ್ಲದ್ದರಿಂದ ಎಟಿಮೆಗಾ328ಕ್ಕೆ ಹೋದೆವು. ದೊಡ್ಡ ಚಿಪ್ ಬಂದ ಮೇಲೆ ಪರದೆಯೂ ಇರಲಿ ಎಂದರು. ಸಣ್ಣ ಓಎಲ್‌ಇಡಿ ಪರದೆಯೂ ಹತ್ತು ಮಿಲಿ ಆಂಪಿಯರಿನ ಆಸುಪಾಸು ಎಳೆಯುವುದರಿಂದ ಸಿಆರ್2032 ಸೋತಿತು, ಲಿಥಿಯಂ ಬ್ಯಾಟರಿ ಬಂತು, ಅದರ ಹಿಂದೆಯೇ ಚಾರ್ಜರ್ ಸರ್ಕ್ಯೂಟ್, ಯುಎಸ್‌ಬಿ ಕಿಂಡಿ, ಸ್ವಿಚ್ಚು, ದೊಡ್ಡ ಪೆಟ್ಟಿಗೆ. ಪ್ರತಿಯೊಂದು ಬೇಡಿಕೆಯೂ ತನ್ನಷ್ಟಕ್ಕೆ ನ್ಯಾಯವಾದುದೇ ಆಗಿತ್ತು, ಕೇಳಿದವರೆಲ್ಲರೂ ನಮಗೆ ಬೇಕಾದವರೇ ಆಗಿದ್ದರು. ಯಾರಿಗೂ ಇಲ್ಲವೆನ್ನದೆ ನಾವು ಒಂದೂವರೆ ವರ್ಷ ಕಳೆದೆವು. ಎರಡನೆಯ ಬೋರ್ಡು ಕೊನೆಗೂ ಮುಗಿಯಲಿಲ್ಲ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ‘ಹೊಸದು ಬರುತ್ತಿದೆ’ ಎಂದು ಹೇಳಿ ಮೊದಲನೆಯ ಬೋರ್ಡನ್ನೂ ನಾವು ಯಾರಿಗೂ ಕೊಡಲಿಲ್ಲ, ಆ ಅವಧಿಯಲ್ಲಿ ಮೋರ್ಸ್ ಕಲಿಯಬೇಕೆಂದು ಬಂದ ಹುಡುಗರು ಕೀಯರ್ ಇಲ್ಲದೆ ಹಿಂದಿರುಗಿದರು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ: ಮುಂದಿನ ಬೇಡಿಕೆಗೆ ಉತ್ತರಿಸುವ ಮೊದಲು, ನಿಮ್ಮ ಟ್ಯೂನರ್ ಯಾರಿಗಾಗಿ, ಏನು ಮಾಡುತ್ತದೆ, ಏನನ್ನು ಎಂದಿಗೂ ಮಾಡುವುದಿಲ್ಲ ಎಂಬುದನ್ನು ಕಡತಗಳ ಮೊದಲ ಪುಟದಲ್ಲಿ ಬರೆದುಬಿಡಿ. ‘10 ವ್ಯಾಟ್‌ವರೆಗಿನ ರೇಡಿಯೋಗಳಿಗೆ, ಕೈಯಿಂದ ತಿರುಗಿಸುವ, ಬ್ಯಾಟರಿ ಬೇಡದ ಟ್ಯೂನರ್’ ಎಂದು ಬರೆದಿಟ್ಟರೆ ಅರ್ಧದಷ್ಟು ಪತ್ರಗಳು ತಾವಾಗಿಯೇ ನಿಲ್ಲುತ್ತವೆ. ಉಳಿದವರಿಗೆ ನೀವು ಕೊಡುವ ಉತ್ತರವೂ ವೈಯಕ್ತಿಕ ನಿರಾಕರಣೆಯಾಗುವುದಿಲ್ಲ. 100 ವ್ಯಾಟ್ ಕೇಳುವವರಿಗೆ ಕಾರಣವನ್ನೂ ಹೇಳಿ. ಶಕ್ತಿ ಹತ್ತು ಪಟ್ಟಾದರೆ ಕೆಪಾಸಿಟರಿನ ಮೇಲೆ ಬೀಳುವ ವೋಲ್ಟೇಜ್ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಿಂದ ತೆಗೆದ ಪ್ಲಾಸ್ಟಿಕ್ ಕೆಪಾಸಿಟರ್ ಅಲ್ಲಿ ಕಿಡಿ ಹಾರಿಸುತ್ತದೆ. ಅದರ ಜಾಗದಲ್ಲಿ ಗಾಳಿಯ ಅಂತರದ ದೊಡ್ಡ ಕೆಪಾಸಿಟರ್ ಹಾಕಿದರೆ ನಿಮ್ಮ ಟ್ಯೂನರ್ ಅಗ್ಗದ್ದಾಗಿ ಉಳಿಯುವುದಿಲ್ಲ. ಇಷ್ಟು ವಿವರಿಸಿದರೆ ಕೇಳಿದವರು ಬೇಸರಪಡುವುದಿಲ್ಲ, ಕಲಿಯುತ್ತಾರೆ.

ತಾನಾಗಿ ಟ್ಯೂನ್ ಆಗುವುದೂ ಮೊಬೈಲಿನಲ್ಲಿ ಕಾಣುವುದೂ ನಿಮ್ಮ ಕೆಲಸವಲ್ಲ, ಆದರೆ ಬೇರೆಯವರು ಅದನ್ನು ಮಾಡುವುದಕ್ಕೆ ನೀವು ನೆರವಾಗಬಹುದು. ಮುಂದಿನ ಸಲ ಬೋರ್ಡು ಮಾಡಿಸುವಾಗ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿದೆ ಎಂಬ ಲೆಕ್ಕ) ಅಳೆಯುವ ಭಾಗದಿಂದ ಎರಡು ಗೆರೆಗಳನ್ನೂ ನೆಲದ (ಗ್ರೌಂಡ್) ಒಂದು ಗೆರೆಯನ್ನೂ ಅಂಚಿಗೆ ತಂದು ಮೂರು ಖಾಲಿ ತೂತುಗಳನ್ನು ಬಿಡಿ. ಅದಕ್ಕೆ ತಗಲುವ ಖರ್ಚು ಏನೂ ಇಲ್ಲ. ಮೊಬೈಲಿನಲ್ಲಿ ಕಾಣಬೇಕೆನ್ನುವವರು ಅಲ್ಲಿಗೆ ತಮ್ಮ ಬೋರ್ಡನ್ನು ಸಿಕ್ಕಿಸಿಕೊಳ್ಳಲಿ. ನಮ್ಮ ಕೀಯರಿನಲ್ಲಿ ಇಂಥ ತೂತುಗಳನ್ನು ಬಿಡುವ ಯೋಚನೆ ನಮಗೆ ಬಂದಿದ್ದರೆ ಅದು ಇಂದು ಬಳಕೆಯಲ್ಲಿರುತ್ತಿತ್ತು.

ಪ್ರಶ್ನೆ: ವಾಸ್ಕೋದಲ್ಲಿ ಹಡಗುಗಳ ವಿದ್ಯುತ್ ಕೆಲಸ ಮಾಡುವವನು ನಾನು. ನಾನು ಬಳಸುವ ಮುಕ್ತ ರೇಡಿಯೋದೊಳಗೆ ಜಿಪಿಎಸ್ ಸೇರಿಸಿ ಎಂದು ಮೂರು ಬಾರಿ ಬರೆದೆ, ಯಾರೂ ಗಮನಿಸಲಿಲ್ಲ. ಮಳೆಗಾಲದಲ್ಲಿ ಇಂಟರ್ನೆಟ್ ಹೋದಾಗ ಲ್ಯಾಪ್‌ಟಾಪಿನ ಗಡಿಯಾರ ತಪ್ಪಿ ಎಫ್‌ಟಿ8 ನಿಂತುಹೋಗುತ್ತದೆ. ಬೇಡಿಕೆಯನ್ನು ಹೇಗೆ ಬರೆದರೆ ಕೇಳಿಸಿಕೊಳ್ಳುತ್ತಾರೆ?

ಉತ್ತರ: ನಿಮ್ಮ ಪತ್ರದ ಕೊನೆಗೆ ಬರೆದ ವಾಕ್ಯವನ್ನೇ ಮೊದಲು ಬರೆಯಬೇಕಿತ್ತು. ‘ಜಿಪಿಎಸ್ ಬೇಕು’ ಎಂಬುದು ನೀವು ಕಂಡುಕೊಂಡ ಪರಿಹಾರ. ‘ಇಂಟರ್ನೆಟ್ ಇಲ್ಲದಾಗ ಗಡಿಯಾರ ತಪ್ಪುತ್ತದೆ’ ಎಂಬುದು ನಿಮ್ಮ ತೊಂದರೆ. ವಿನ್ಯಾಸಕರಿಗೆ ತೊಂದರೆಯನ್ನು ತಿಳಿಸಿದರೆ ಅವರು ಪರಿಹಾರಗಳನ್ನು ಯೋಚಿಸುತ್ತಾರೆ. ಪರಿಹಾರವನ್ನಷ್ಟೇ ತಿಳಿಸಿದರೆ, ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಎರಡು ಉತ್ತರಗಳ ಹೊರತು ಅವರಿಗೆ ಏನೂ ಉಳಿಯುವುದಿಲ್ಲ.

ನಿಮ್ಮ ತೊಂದರೆಗೆ ಬೋರ್ಡನ್ನು ಮುಟ್ಟಬೇಕಾಗಿಯೇ ಇಲ್ಲ. 15 ಸೆಕೆಂಡುಗಳ ಸರದಿಯನ್ನು ಹಿಡಿಯಲು ಎಫ್‌ಟಿ8ಗೆ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿದ್ದರೆ ಸಾಕು. ಯುಎಸ್‌ಬಿಗೆ ಸಿಕ್ಕಿಸುವ ಜಿಪಿಎಸ್ ರಿಸೀವರ್ ಒಂದನ್ನು ಕಿಟಕಿಯ ಬಳಿ ಆಕಾಶ ಕಾಣುವಂತೆ ಇಟ್ಟು, ಅದರ ಸಮಯವನ್ನು ಲ್ಯಾಪ್‌ಟಾಪಿಗೆ ಹೊಂದಿಸುವ ಪ್ರೋಗ್ರಾಂ ಹಾಕಿಕೊಳ್ಳಿ. ರೇಡಿಯೋದ ಲೋಹದ ಪೆಟ್ಟಿಗೆಯೊಳಗೆ ಜಿಪಿಎಸ್ ಇಟ್ಟಿದ್ದರೆ ಅದಕ್ಕೆ ಮತ್ತೊಂದು ಆಂಟೆನಾ, ಪೆಟ್ಟಿಗೆಗೆ ಮತ್ತೊಂದು ತೂತು ಬೇಕಾಗುತ್ತಿತ್ತು. ಸಮುದ್ರದ ಉಪ್ಪುಗಾಳಿಗೆ ಕನೆಕ್ಟರುಗಳು ಹೇಗೆ ಹಸಿರುಗಟ್ಟುತ್ತವೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಮುಂದೆ ಎಂದಾದರೂ ಬರೆಯುವಾಗ, ನೀವು ಏನು ಮಾಡುತ್ತಿದ್ದಿರಿ, ಎಲ್ಲಿ ನಿಂತುಹೋಯಿತು, ನಿಮ್ಮದು ಯಾವ ಆವೃತ್ತಿಯ ಬೋರ್ಡು, ಏನನ್ನು ಅಳೆದು ನೋಡಿದಿರಿ ಎಂಬುದನ್ನೆಲ್ಲ ಬರೆಯಿರಿ. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ. ಅದರ ಜೊತೆಗೆ ನೀವು ಏನು ಮಾಡಿಕೊಡಬಲ್ಲಿರಿ ಎಂಬುದನ್ನೂ ತಿಳಿಸಿ, ಏಕೆಂದರೆ ಇಂಥ ಯೋಜನೆಗಳಲ್ಲಿ ಅತ್ಯಂತ ವಿರಳವಾಗಿ ಸಿಗುವುದು ಪರೀಕ್ಷಿಸಿ ನೋಡುವ ಕೈ. ಹಡಗಿನ ವಿದ್ಯುತ್ ಕೆಲಸ ಬಲ್ಲ ನೀವು ಒಂದು ಮಳೆಗಾಲವಿಡೀ ರೇಡಿಯೋವನ್ನು ಸಮುದ್ರದ ದಡದಲ್ಲಿ ಬಳಸಿ, ಯಾವ ಭಾಗ ಮೊದಲು ತುಕ್ಕು ಹಿಡಿಯಿತೆಂದು ಚಿತ್ರಸಮೇತ ಬರೆದು ಕಳಿಸಿದರೆ ವಿನ್ಯಾಸಕರು ಅದನ್ನು ಖಂಡಿತ ಓದುತ್ತಾರೆ.

ಪ್ರಶ್ನೆ: ಮಾಟುಂಗಾದ ನಾವು ಮೂವರು, ನಮ್ಮ ಕೋರಿಕೆ ನಿರಾಕರಣೆಯಾದ ಮೇಲೆ ಒಂದು ಮುಕ್ತ ರೇಡಿಯೋದ ಬೋರ್ಡನ್ನು ನಾವೇ ಬದಲಿಸಿ ನಮ್ಮದೇ ಆವೃತ್ತಿ ಮಾಡಿಕೊಂಡಿದ್ದೇವೆ. ಮೂಲ ವಿನ್ಯಾಸಕರಿಗೆ ಇದು ದ್ರೋಹವಾಗುತ್ತದೆಯೇ? ಕಿಟ್ ಮಾಡಿ ಮಾರಬಹುದೇ?

ಉತ್ತರ: ದ್ರೋಹವಾಗುವುದಿಲ್ಲ. ಪುಣೆಯ ವಿದ್ಯಾರ್ಥಿಗಳು ಕೇಳಿದ ‘ಮುಕ್ತ’ ಎಂಬ ಮಾತಿನ ನಿಜವಾದ ಅರ್ಥ ನೀವು ಮಾಡಿರುವುದರಲ್ಲೇ ಇದೆ. ವಿನ್ಯಾಸಕರು ತಮ್ಮ ಸಮಯವನ್ನು ನಿಮಗೆ ಬರೆದುಕೊಟ್ಟಿಲ್ಲ, ತಮ್ಮ ಕಡತಗಳನ್ನು ಬದಲಿಸುವ ಹಕ್ಕನ್ನು ಕೊಟ್ಟಿದ್ದಾರೆ. ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆಂಬುದನ್ನು ಮಾತ್ರ ಓದಿ ನೋಡಿ. ಹ್ಯಾಮ್‌ಗಳ ಬಳಗದಿಂದಲೇ 2007ರಲ್ಲಿ ಬಂದ ಟಿಎಪಿಆರ್ ಮುಕ್ತ ಹಾರ್ಡ್‌ವೇರ್ ಪರವಾನಗಿಯಾಗಿದ್ದರೆ, ನೀವು ಮಾಡಿದ ಬದಲಾವಣೆಗಳನ್ನು ಹಿಂದಿನ ವಿನ್ಯಾಸಕರಿಗೆ ಇಮೇಲ್ ಮೂಲಕ ತಿಳಿಸಲು ಪ್ರಯತ್ನಿಸಬೇಕಾಗುತ್ತದೆ. ಅದೊಂದು ಸೊಗಸಾದ ಸಂಪ್ರದಾಯವೆಂದು ನನಗೆ ಅನ್ನಿಸುತ್ತದೆ. ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಸ್ಥೆಯ ಪರವಾನಗಿಯ 2020ರ ಎರಡನೆಯ ಆವೃತ್ತಿಗೆ ಮೂರು ರೂಪಗಳಿವೆ. ಅವುಗಳಲ್ಲಿ ಕಟ್ಟುನಿಟ್ಟಾದುದರ ಪ್ರಕಾರ, ಬೋರ್ಡನ್ನು ಇತರರಿಗೆ ಕೊಟ್ಟರೆ ಬದಲಿಸಿದ ಕಡತಗಳನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕು. ಹೆಸರನ್ನು ತಪ್ಪದೆ ಬದಲಿಸಿ. ಇಲ್ಲವಾದರೆ ನಿಮ್ಮ ಬೋರ್ಡಿನ ದೂರುಗಳು ಅವರ ಮನೆಗೆ ಹೋಗುತ್ತವೆ.

ಮುಕ್ತ ಹಾರ್ಡ್‌ವೇರ್ ಪರವಾನಗಿಗಳು ಮಾರಾಟವನ್ನು ತಡೆಯುವುದಿಲ್ಲ. ಆದರೆ ಟ್ರಾನ್ಸ್‌ಮಿಟರನ್ನು ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ದೇಶದ ಕಾನೂನು ಬೇರೆಯೇ ಇದೆ. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ಪರವಾನಗಿಗಳನ್ನು ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗದಲ್ಲಿ ವಿಚಾರಿಸದೆ ಒಂದು ಕಿಟ್ಟನ್ನೂ ಹೊರಗೆ ಕಳಿಸಬೇಡಿ.

ಇನ್ನೊಂದು ಕೆಲಸವನ್ನು ಈಗಲೇ ಮಾಡಿ. ನೀವು ಗೆರೆಗಳನ್ನು ಬದಲಿಸಿರುವುದರಿಂದ ಹಳೆಯ ಬೋರ್ಡಿನ ಹಾರ್ಮೋನಿಕ್ ಅಳತೆ ನಿಮ್ಮ ಬೋರ್ಡಿಗೆ ಅನ್ವಯಿಸುವುದಿಲ್ಲ. ಟೈನಿಎಸ್‌ಎ ಎಂಬ, ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಉಪಕರಣ) ಇದ್ದರೂ ಸಾಕು, ಆದರೆ ರೇಡಿಯೋವನ್ನು ಅದಕ್ಕೆ ನೇರವಾಗಿ ಜೋಡಿಸಬೇಡಿ. 10 ವ್ಯಾಟ್ ಎಂದರೆ 40 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಲೆಕ್ಕ), ಆ ಉಪಕರಣ ತಾಳುವುದು ಅದಕ್ಕಿಂತ ತುಂಬ ಕಡಿಮೆ. ನಡುವೆ ಕನಿಷ್ಠ 40 ಡೆಸಿಬೆಲ್ ತಗ್ಗಿಸುವ, 10 ವ್ಯಾಟ್ ತಾಳುವ ಅಟೆನ್ಯುಯೇಟರ್ ಇರಲಿ. ಪ್ರತಿ ಬ್ಯಾಂಡಿನಲ್ಲೂ ಅಳೆದ ಚಿತ್ರವನ್ನು ಕಡತಗಳ ಜೊತೆಗೇ ಇಡಿ. ಮೂಲ ವಿನ್ಯಾಸಕರಿಗೆ ಬರೆಯುವ ಇಮೇಲಿಗೂ ಅದನ್ನು ಲಗತ್ತಿಸಿ.